ಸ್ವಯಾರ್ಜಿತದ ಉಂಗುರ

ಅಮೆರಿಕದ ಹಡ್ಸನ್ ನದಿಯ ದಂಡೆಯಲ್ಲಿ 1802ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ‘ಕ್ಲಾಸ್ ರಿಂಗ್’, ಅಂದರೆ ಒಂದು ಮಗ್ಗುಲಲ್ಲಿ ಅಕಾಡೆಮಿಯ ಲಾಂಛನವನ್ನೂ ಇನ್ನೊಂದರಲ್ಲಿ ಆಯಾ ವರ್ಷದ ತಂಡದ ಲಾಂಛನವನ್ನೂ ಹೊತ್ತ ದಪ್ಪನೆಯ ಉಂಗುರ, 1835ರಿಂದ ರೂಢಿಯಲ್ಲಿದೆ. ಮರುವರ್ಷದ ತಂಡ ಬರಿಬೆರಳಲ್ಲೇ ಹೊರಬಿದ್ದಿತು. 1879ರವರು ಉಂಗುರದ ಬದಲು ಕಫ್‌ಲಿಂಕ್, ಎಂದರೆ ಅಂಗಿಯ ಮುಂಗೈಪಟ್ಟಿಯ ಗುಂಡಿ, ಮಾಡಿಸಿಕೊಂಡರು.

ಆಸ್ತಿಯನ್ನು ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ವಿಂಗಡಿಸುವವರಿಗೆ ಈ ಒಡವೆ ತಲೆನೋವಿನದು. ತಾತನ ಗದ್ದೆಯನ್ನು ಮೊಮ್ಮಗ ಉಳಬಹುದು, ತಾತನ ನಶ್ಯದ ಡಬ್ಬಿಯಿಂದ ಸೀನಲೂಬಹುದು. ಆದರೆ ತಾತ ಕವಾಯತು ಮಾಡಿ ಗಳಿಸಿದ ಉಂಗುರ ಮೊಮ್ಮಗನ ಪೆಟ್ಟಿಗೆಗೆ ಬರುತ್ತದೆಯೇ ಹೊರತು ಅದರ ಅರ್ಹತೆ ಬರುವುದಿಲ್ಲ. ಹೆಂಡತಿಗೆ ಮಾತ್ರ ಒಂದು ದಾರಿಯಿತ್ತು: 1915ರ ತಂಡದ, ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಮರುವರ್ಷ ಮೇಮಿ ಡೌಡ್ ಅವರಿಗೆ ನಿಶ್ಚಿತಾರ್ಥಕ್ಕೆ ಕೊಟ್ಟದ್ದು ತನ್ನ ಉಂಗುರದ ಕಿರುಪ್ರತಿಯನ್ನು.

ಕ್ಲಾಸ್ ರಿಂಗ್ ತೊಟ್ಟವರನ್ನು ಉಳಿದ ಸೈನಿಕರು ‘ರಿಂಗ್ ನಾಕರ್’, ಎಂದರೆ ಉಂಗುರ ಕುಟ್ಟುವವರು, ಎಂದು ತುಸು ಹೊಟ್ಟೆಕಿಚ್ಚಿನಿಂದಲೇ ಕರೆಯುತ್ತಾರೆ. ಮೇಜಿನ ಮೇಲೆ ಟಕ್ಕೆಂದು ಬಡಿದರೆ ಸಭೆಗೆ ಸಭೆಯೇ ಮಣಿಯುತ್ತದೆಂಬುದು ಅದರೊಳಗಿನ ಗೇಲಿ. ಪರೀಕ್ಷಿಸದೆ ಬರೆಯುವುದು ಸಂಶೋಧನಾಧರ್ಮವಲ್ಲವೆಂದು ಬಗೆದ ಪ್ರಸ್ತುತ ಲೇಖಕನು, ಎನ್‌ಸಿಸಿಯಲ್ಲಿ ಎರಡು ವಾರ ಹೆಜ್ಜೆ ಹಾಕಿ ಮೂರನೆಯ ವಾರ ಕಾಲುನೋವೆಂದದ್ದಷ್ಟೇ ಸೈನಿಕಾನುಭವವಾಗಿ ಉಳ್ಳವನು, ತಾತನ ಹವಳದುಂಗುರಕ್ಕೆ ದಾರ ಸುತ್ತಿ ಬಿಗಿಮಾಡಿಕೊಂಡು ಹೋಟೆಲೊಂದರ ಕಲ್ಲುಮೇಜಿನ ಮೇಲೆ ಗಾಂಭೀರ್ಯದಿಂದ ಒಮ್ಮೆ ಕುಟ್ಟಿದನು. ಮಾಣಿ ಸಾಂಬಾರು ತಂದು ಸುರಿದನು. ಒಂದೇ ಪ್ರಯೋಗದಿಂದ ನಿರ್ಣಯಕ್ಕೆ ಬರಬಾರದೆಂಬ ನಿಯಮಕ್ಕೆ ಬದ್ಧನಾಗಿ ಎರಡನೆಯ ಸಲ ಕುಟ್ಟಲು, ಮತ್ತೆ ಸಾಂಬಾರೇ ಬಂದಿತು. ಮೂರನೆಯದಕ್ಕೆ ಇಡ್ಲಿ ಪೂರ್ತಿ ಮುಳುಗಿ, ಎದುರಿಗಿದ್ದ ಹಿರಿಯರೊಬ್ಬರು “ಚಟ್ನಿ ಬೇಕಿದ್ದರೆ ಬಾಯಿಬಿಟ್ಟು ಕೇಳಿ ಸ್ವಾಮಿ” ಎಂದರು. ನಾಲ್ಕನೆಯ ಪೆಟ್ಟಿಗೆ ಹವಳವೇ ಕಳಚಿ ತಟ್ಟೆಗೆ ಹಾರಿತು. ಕ್ಯಾರೆಟ್ಟಿನ ಚೂರುಗಳ ನಡುವೆ ಹವಳವನ್ನು ಗುರುತಿಸುವುದು ಸುಲಭವಲ್ಲ. ಒಂದೊಂದನ್ನೂ ಚಮಚದಿಂದೆತ್ತಿ, ಬೆಳಕಿಗೆ ಹಿಡಿದು, ಅನುಮಾನ ಉಳಿದಲ್ಲಿ ಕಚ್ಚಿ ನೋಡಬೇಕಾಗುತ್ತದೆ. ಶಕುಂತಲೆಯ ಉಂಗುರ ಸಿಕ್ಕ ಬೆಸ್ತನಿಗೆ ಮೀನಿನ ಹೊಟ್ಟೆಯೊಂದೇ ಇತ್ತು; ಅವನು ಅದೃಷ್ಟವಂತ.

ತೀರಿಕೊಂಡವರ ವೆಸ್ಟ್ ಪಾಯಿಂಟ್ ಉಂಗುರಗಳನ್ನು ಹರಾಜಿನಲ್ಲಿ ಕೊಂಡು ಗೋಡೆಗೆ ತೂಗುಹಾಕುವವರ ರುಚಿಯ ಬಗ್ಗೆ ಹೇಳದಿರುವುದೇ ಲೇಸು. 2002ರ ತಂಡದಿಂದೀಚೆಗೆ ಬೇರೊಂದು ಪದ್ಧತಿ ಬಂದಿದೆ: ಕುಟುಂಬದವರು ಮರಳಿ ಕೊಟ್ಟ ಉಂಗುರಗಳನ್ನು ಒಂದೇ ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಪಾತ್ರೆಯಲ್ಲಿ, ಕರಗಿಸಿ ಹೊಸಬರ ಉಂಗುರಗಳ ಚಿನ್ನಕ್ಕೆ ಬೆರೆಸುತ್ತಾರೆ, ಪ್ರತಿ ಸಲವೂ ಚೂರು ಉಳಿಸಿ, ಮೊಸರಿಗೆ ಹೆಪ್ಪು ತೆಗೆದಿಟ್ಟಂತೆ, ಮುಂದಿನ ಸಲದ ಮೂಸೆಗೆ ಹಾಕುತ್ತಾರೆ. ಮನೆಯವರೇ ಬಂದು ತಮ್ಮ ಕೈಯಿಂದ ಉಂಗುರವನ್ನು ಮೂಸೆಗೆ ಇಳಿಸುವುದುಂಟು. ಆ ಕೈ ಒಂದು ಕ್ಷಣ ತಡೆಯುವುದಿಲ್ಲವೇ?

ಹವಳ ಕೂರಿಸಲು ಹೋದಾಗ ಅಕ್ಕಸಾಲಿಗರು, ಇದು ಸವೆದಿದೆ, ಕರಗಿಸಿ ಹೊಸದು ಮಾಡಿಕೊಡುವೆನೆಂದರು. ಲೇಖಕನು ಬೇಡವೆಂದನು. ತಾತನ ಬೆರಳು ದಪ್ಪನಾಗಿದ್ದುದರಿಂದ ದಾರ ಇಂದಿಗೂ ಹಾಗೆಯೇ ಇದ್ದು, ಕೈ ಒದ್ದೆಯಾದಾಗಲೆಲ್ಲ ಇಂಗಿನ ವಾಸನೆ ಬರುತ್ತದೆ.