ಚಕ್ಕುಲಿ ಮೀಮಾಂಸೆ

ಗ್ರಂಥಾರಂಭಕ್ಕೆ ಮಂಗಳಾಚರಣೆ. ಹಬ್ಬದ ಮುನ್ನಾದಿನವೇ ಬರಿದಾಗುವ ಗ್ಯಾಸ್ ಸಿಲಿಂಡರಿಗೆ ನಮಸ್ಕಾರ. ಎಣ್ಣೆಯ ಘಾಟು ಮೂಗಿಗೆ ತಾಗಿದರೂ ಲಿಫ್ಟಿನ ಪಕ್ಕ ನೋಟಿಸ್ ಅಂಟಿಸದ ಸೊಸೈಟಿ ಸೆಕ್ರೆಟರಿಗೆ ಇನ್ನೂ ದೊಡ್ಡ ನಮಸ್ಕಾರ.

ಶಾಸ್ತ್ರವೆಂದ ಮೇಲೆ ನಾಲ್ಕು ಅನುಬಂಧ ಹೇಳಬೇಕಷ್ಟೆ. ವಿಷಯ: ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ತಿಂಡಿ ಮಾಡಿ ಮಾರುವುದು. ಪ್ರಯೋಜನ: ನಾಲ್ಕು ಕಾಸು. ಅಧಿಕಾರಿ: ಕೈರುಚಿಯುಳ್ಳ ಗೃಹಿಣಿ. ಸಂಬಂಧ: ನೆರೆಹೊರೆಯವರ ಜೊತೆ, ದುಡ್ಡು ಕೇಳುವ ತನಕ ಚೆನ್ನಾಗಿರುವಂಥದು.

ಈ ಉದ್ಯೋಗ ಬಂಡವಾಳದಿಂದ ಹುಟ್ಟುತ್ತದೆಂಬುದು ಭ್ರಾಂತಿ. ಹುಟ್ಟುವುದು ಹೊಗಳಿಕೆಯಿಂದ. ಚೌತಿಗೆ ಎದುರು ಮನೆಗೆ ತಟ್ಟೆಯಲ್ಲಿ ಕೊಟ್ಟ ಚಕ್ಕುಲಿ ಮುರಿದು, ‘ವಹಿನೀ, ನೀವಿದನ್ನು ಮಾರಬಾರದೇ?’ ಎಂದವರೇ ಮೂಲಪುರುಷರು. ದರ ಕೇಳಿ ಮೊದಲು ಹುಬ್ಬೇರಿಸುವವರೂ ಅವರೇ. ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಸಂಖ್ಯೆಗೆ 14 ಅಂಕಿ. ಆಕೆ ಹೇಳಲು ಹಿಂಜರಿಯುವ ದರಕ್ಕೆ ಮೂರೇ. ಹದಿನಾಲ್ಕನ್ನು ಪಡೆಯುವುದೇ ಸುಲಭ.

ಈಗ ದರಾಧಿಕರಣ. ಇಲ್ಲಿ ಪೂರ್ವಪಕ್ಷಿ ಯಜಮಾನರು, ಪೀಠ, ಸೋಫಾ. ಅವರ ವಾದ ಹೀಗೆ: ‘ಅಕ್ಕಿ, ಉದ್ದು, ಬೆಣ್ಣೆ, ಎಳ್ಳು, ಎಣ್ಣೆ, ಗ್ಯಾಸ್. ಕೂಡು. ಮೇಲೆ ಹತ್ತು ರೂಪಾಯಿ ಲಾಭ. ಮುಗೀತು. ಮನೆಯಲ್ಲೇ ಕೂತು ಮಾಡೋದು ತಾನೆ?’

ಇದಕ್ಕೆ ಪ್ರತ್ಯಕ್ಷ ಪ್ರಮಾಣದಿಂದ ಉತ್ತರ. ಮೊದಲನೆಯದಾಗಿ, ಆಕೆ ಕೂತಿಲ್ಲ, ನಿಂತಿದ್ದಾಳೆ. ಹಿಟ್ಟು ಕೊಂಚ ಗಟ್ಟಿಯಾದರೆ ಒರಳು ಒತ್ತುವಾಗ ರಟ್ಟೆ ಬೀಳುತ್ತದೆ, ಸಡಿಲಾದರೆ ಚಕ್ಕುಲಿ ಎಣ್ಣೆ ಕುಡಿಯುತ್ತದೆ, ಬೆಣ್ಣೆ ಜಾಸ್ತಿಯಾದರೆ ಬಾಣಲೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಬೆಂದಿತೆಂದು ತಿಳಿಯುವುದು ಕಣ್ಣಿನಿಂದಲ್ಲ, ಕಿವಿಯಿಂದ: ನೊರೆ ಇಳಿದು ಚುರುಗುಟ್ಟುವ ಸದ್ದು ಅಡಗಿದ ಕೂಡಲೇ ಎತ್ತಬೇಕು. ಆ ಹೊತ್ತಿಗೇ ಸೋಫಾದಿಂದ ‘ಚಹಾ ಆಯ್ತಾ?’ ಎಂದು ಬಂದರೆ ಒಂದು ಘಾಣ ಕಂದಿತು. ಕ್ಯಾಲ್ಕುಲೇಟರಿನಲ್ಲಿ ಇದಕ್ಕೆ ಗುಂಡಿ ಇಲ್ಲ.

ಇನ್ನು ಶಬ್ದಪ್ರಮಾಣ. 1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಲೋಹಾಣಾ ನಿವಾಸದ ಮಹಡಿಯ ಮೇಲೆ ಜಸವಂತಿಬೆನ್ ಪೋಪಟ್ ಮತ್ತು ಆರು ಜನ ಹೆಂಗಸರು 80 ರೂಪಾಯಿ ಸಾಲದಲ್ಲಿ ಹಪ್ಪಳ ಲಟ್ಟಿಸಿದರು; ಮುಂದೆ ‘ಲಿಜ್ಜತ್’ ಆದದ್ದು ಅದೇ. ಮೊದಲ ದಿನ ನಾಲ್ಕು ಪ್ಯಾಕೆಟ್. ಮುಂಬಯಿ ಮಳೆ ಯಾರಪ್ಪನ ಮಾತು ಕೇಳೀತು? ಮೊದಲ ವರ್ಷ ನಾಲ್ಕು ತಿಂಗಳು ಕೆಲಸ ಬಂದ್. ಮರುವರ್ಷ ಮಂಚದ ಮೇಲೆ ಹಪ್ಪಳ ಹರವಿ ಅಡಿಯಲ್ಲಿ ಸ್ಟೌ ಹಚ್ಚಿದರು. (ಮ್ಯಾನೇಜ್‌ಮೆಂಟ್ ಪಂಡಿತರು ಲಿಜ್ಜತ್ ಬಗ್ಗೆ ಬರೆದದ್ದೆಲ್ಲ ಸೇರಿದರೂ ಆ ಮಂಚದ ತೂಕಕ್ಕೆ ಬಾರದೆಂದು ನನ್ನ ಮತ.) ಆದರೆ ನಮ್ಮ ಅಧಿಕರಣಕ್ಕೆ ಬೇಕಾದದ್ದು ಬೇರೆ. ನಾದಿದ ಹಿಟ್ಟನ್ನು ಮನೆಗೊಯ್ದು ಲಟ್ಟಿಸಿ ತಂದವಳಿಗೆ ಅಲ್ಲಿ ‘ವಣಾಯಿ’ ಕೊಡುತ್ತಾರೆ, ಅಂದರೆ ಲಟ್ಟಿಸಿದ ಕೂಲಿ. ಲಾಭದ ಪಾಲು ಬೇರೆ, ಏಕೆಂದರೆ ಒಡತಿಯೂ ಆಕೆಯೇ. ಮನೆಯಲ್ಲೇ ಮಾಡಿದ್ದು ತಾನೆ ಎಂದು ಅಲ್ಲಿ ಯಾರೂ ಕೂಲಿ ಹೊಡೆದುಹಾಕಲಿಲ್ಲ. 2021ರಲ್ಲಿ ಜಸವಂತಿಬೆನ್ ಅವರಿಗೆ ಪದ್ಮಶ್ರೀ ಬಂತು. ಪೂರ್ವಪಕ್ಷಿ ಆ ಸುದ್ದಿ ಓದಿದ್ದೂ ಸೋಫಾದ ಮೇಲೆಯೇ.

‘ಅವರದು ಸಂಸ್ಥೆ, ನಿನ್ನದು ಬಾಣಲೆ’ ಎಂದರೆ? ಮುಂಬಯಿಯ ಗಿರಣಗಾಂವದ ಖಾನಾವಳಿಯ ಹೆಂಗಸರಲ್ಲೂ ಇದ್ದದ್ದು ಒಲೆ, ಪಾತ್ರೆ ಅಷ್ಟೇ. ಗಿರಣಿ ಕಾರ್ಮಿಕರಿಗೆ ಎರಡು ಹೊತ್ತು ಬಡಿಸಿ ಸಾಲಗಾರರ ಬಡ್ಡಿಯಲ್ಲಿ ಬೇಯುತ್ತಿದ್ದ ಅವರನ್ನು 1975ರಲ್ಲಿ ಪ್ರೇಮಾ ಪುರವ ‘ಅನ್ನಪೂರ್ಣಾ ಮಹಿಳಾ ಮಂಡಳ’ದಲ್ಲಿ ಸೇರಿಸಿ ಬ್ಯಾಂಕಿನ ಸಾಲ ಕೊಡಿಸಿದರು. ಅಡುಗೆಮನೆಯ ದುಡಿಮೆಯನ್ನು ಬ್ಯಾಂಕೇ ದುಡಿಮೆಯೆಂದು ಒಪ್ಪಿದ ಮೇಲೆ ಸೋಫಾದ್ದೇನು?

ಆದ್ದರಿಂದ ಸಿದ್ಧಾಂತ: ಕೈಕೂಲಿ ಮೊದಲು, ಲಾಭ ಆಮೇಲೆ. ಪೂರ್ವಪಕ್ಷಿ ಒಪ್ಪಲಿಲ್ಲ. ದೀಪಾವಳಿ ಸೀಸನ್ನಿನಲ್ಲಿ ಐದು ಕಿಲೋ ಚಕ್ಕುಲಿಯ ಚೀಲ ಅವರ ಹೆಗಲೇರಿತು. ಸಂಜೆಯ ಲೋಕಲ್‌ನಲ್ಲಿ ಒಂದೂ ಮುರಿಯದಂತೆ ಎದೆಗವಚಿ ಠಾಣೆಗೆ ತಲುಪಿಸಿ, ನಿಂತೇ ಹಿಂತಿರುಗಿದವರು, ಚಪ್ಪಲಿ ಕಳಚುವ ಮೊದಲೇ ಕೇಳಿದರು:

‘ಡೆಲಿವರಿ ಚಾರ್ಜ್ ಎಷ್ಟು ಹಾಕಿದ್ದೀ?’