ಅಪ್ರದಕ್ಷಿಣ

ಮನೆಯಲ್ಲಿ ಗಂಡಸಿನ ಮರ್ಯಾದೆ ಉಳಿಯಬೇಕಾದರೆ ಬೇರೆ ಯಾರಿಗೂ ಅರ್ಥವಾಗದ ವಿದ್ಯೆಯೊಂದು ಅವನ ಕೈಯಲ್ಲಿರಬೇಕು. ನನ್ನ ತಾತನಿಗೆ ಪಂಚಾಂಗವಿತ್ತು, ಅಪ್ಪನಿಗೆ ಇನ್‌ಕಮ್ ಟ್ಯಾಕ್ಸ್ ಇತ್ತು. ನನಗಿರುವುದು 1969ರ ಪ್ಲಿಮತ್ ರೋಡ್ ರನ್ನರ್ ಎಂಬ ಮಸಲ್ ಕಾರು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿರುವ ನಮ್ಮ ಗ್ಯಾರೇಜಿನ ಮುಕ್ಕಾಲು ಪಾಲು ಅದರದು. ಉಳಿದ ಕಾಲು ಪಾಲಿನಲ್ಲಿ ಅಕ್ಕಿಮೂಟೆ, ಹಿಮ ಎತ್ತುವ ಸಲಿಕೆ ಮತ್ತು ನನ್ನ ಹೆಂಡತಿಯ ಸಿಟ್ಟು ಇವೆ.

ಮಸಲ್ ಕಾರಿನ ಸೂತ್ರ ಸರಳ. ಸಾಧಾರಣ ಕಾರಿನೊಳಗೆ ಅಸಾಧಾರಣ ಎಂಜಿನ್ ತುರುಕಿ, ಹುಡುಗರ ಜೇಬಿಗೆ ಎಟುಕುವ ಬೆಲೆಗೆ ಮಾರುವುದು. ನಮ್ಮದರಲ್ಲಿರುವುದು 383 ಘನ ಇಂಚಿನ ವಿ8, 335 ಅಶ್ವಶಕ್ತಿ. ವಾರ್ನರ್ ಬ್ರದರ್ಸ್ ಕಾರ್ಟೂನಿನ ಹಕ್ಕಿಯ ಹೆಸರು ಬಳಸಲು ಪ್ಲಿಮತ್‌ನವರು 50,000 ಡಾಲರ್ ಕೊಟ್ಟರು. ಹಾರ್ನ್ ಕೂಡ ಆ ಹಕ್ಕಿಯಂತೆಯೇ ‘ಬೀಪ್ ಬೀಪ್’ ಎನ್ನುತ್ತದೆ. ಐವತ್ತು ದಾಟಿದ ಮನುಷ್ಯ ಆ ಹಾರ್ನ್ ಒತ್ತಿ ಆನಂದಪಡುವುದನ್ನು ನಮ್ಮ ಬೀದಿಯ ಮಕ್ಕಳೂ ಸಹಿಸಿಕೊಂಡಿದ್ದಾರೆ.

ಇಂಥ ಬಲಾಢ್ಯನ ಪ್ರಾಣ ಇರುವುದು ತೊಗರಿಬೇಳೆಗಿಂತ ಸಣ್ಣದಾದ ಎರಡು ಲೋಹದ ಬಿಲ್ಲೆಗಳಲ್ಲಿ. ಅವೇ ಪಾಯಿಂಟ್‌ಗಳು. ಅವು ಕೂಡಿಕೊಂಡಾಗ ಕಾಯಿಲ್‌ನಲ್ಲಿ ಕರೆಂಟು ಹರಿಯುತ್ತದೆ. ಬಿಟ್ಟುಕೊಂಡ ಕ್ಷಣ ಅಲ್ಲಿನ ಕಾಂತಕ್ಷೇತ್ರ ಕುಸಿದು, ಬ್ಯಾಟರಿಯ 12 ವೋಲ್ಟ್ ಸಾವಿರಾರು ವೋಲ್ಟ್ ಆಗಿ, ಡಿಸ್ಟ್ರಿಬ್ಯೂಟರ್ ಸರದಿಯಂತೆ ಹಂಚಿದ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಓಹಿಯೋದ ಡೇಟನ್ನಿನಲ್ಲಿ ಚಾರ್ಲ್ಸ್ ಕೆಟರಿಂಗ್ ಹದಗೊಳಿಸಿದ ಏರ್ಪಾಡು ಇದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತೆಲ್ಲ ಇದರ ಮೇಲೆಯೇ ಓಡಿತು. ಎಂಜಿನ್ 3,000 ಸುತ್ತಿನ ವೇಗದಲ್ಲಿದ್ದಾಗ ಆ ಬಡಪಾಯಿ ಬಿಲ್ಲೆಗಳು ನಿಮಿಷಕ್ಕೆ 12,000 ಸಲ ಕೂಡಿ ಅಗಲಬೇಕು. ಸವೆಯದೆ ಏನು ಮಾಡಿಯಾವು? ಮುಖದಲ್ಲಿ ಗುಳಿ ಬೀಳುತ್ತದೆ, ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ಜಾರುತ್ತದೆ. ಆಮೇಲೆ ಭಾನುವಾರ ಬೆಳಿಗ್ಗೆ ನಾನು ಕೀಲಿ ತಿರುಗಿಸಿದರೆ, ಎಂಜಿನ್ನಿಗಿಂತ ಮೊದಲು ನೆರೆಹೊರೆಯವರು ಏಳುತ್ತಾರೆ.

ಇದನ್ನೆಲ್ಲ ನಾನು ಊಟದ ಮೇಜಿನಲ್ಲಿ ವಿವರಿಸುತ್ತಿದ್ದೆ. ಡ್ವೆಲ್, ಕಂಡೆನ್ಸರ್, ಬ್ಯಾಲಾಸ್ಟ್ ರೆಸಿಸ್ಟರ್ ಎಂಬ ಶಬ್ದಗಳನ್ನು ಮಂತ್ರಪುಷ್ಪದ ಗಾಂಭೀರ್ಯದಲ್ಲಿ ಉಚ್ಚರಿಸುತ್ತಿದ್ದೆ. ಹೆಂಡತಿ ತರಕಾರಿ ಹೆಚ್ಚುತ್ತಾ ಹೂಂಗುಟ್ಟುತ್ತಿದ್ದಳು.

ಕೊನೆಗೆ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕುವುದೆಂದು ತೀರ್ಮಾನಿಸಿದೆ. ಇದರಲ್ಲಿ ಧರ್ಮಭ್ರಷ್ಟತೆಯೇನೂ ಇಲ್ಲ. 1973ರ ಮಾದರಿಗಳಿಂದ ಪ್ಲಿಮತ್‌ನ ಒಡೆಯರಾದ ಕ್ರೈಸ್ಲರ್‌ನವರೇ ಅದನ್ನು ತಮ್ಮ ಕಾರುಗಳಿಗೆಲ್ಲ ಕೊಟ್ಟಿದ್ದರು. ಪಾಯಿಂಟ್ ಇದ್ದ ಜಾಗದಲ್ಲಿ ಎಂಟು ಹಲ್ಲಿನ ಚಕ್ರ, ಅದರ ಪಕ್ಕದಲ್ಲಿ ಆಯಸ್ಕಾಂತವಿರುವ ಪಿಕಪ್, ಹೊರಗೆ ಒಂದು ಡಬ್ಬಿ. ಒಂದಕ್ಕೊಂದು ತಾಗುವುದೇ ಇಲ್ಲ, ಆದ್ದರಿಂದ ಸವೆತವೂ ಇಲ್ಲ. ಸಾಮಾನು ಬಂದ ವಾರವೇ ಶಿವಮೊಗ್ಗದಿಂದ ಅತ್ತೆ ಮಾವನೂ ಬಂದರು.

ಮಾವ ಪಿಡಬ್ಲ್ಯುಡಿಯಲ್ಲಿದ್ದು ನಿವೃತ್ತರಾದವರು. ಜೂನ್ ತಿಂಗಳಲ್ಲೂ ಸ್ವೆಟರ್ ತೊಟ್ಟು ಗ್ಯಾರೇಜಿಗೆ ಬಂದು, ಬಾನೆಟ್ಟಿನೊಳಗೆ ಬಗ್ಗಿ ನೋಡಿ, “ಓ, ಪ್ಲಾಟಿನಂ ಪಾಯಿಂಟಾ?” ಎಂದರು. ತಾತನ ಪಂಚಾಂಗವನ್ನು ಯಾರೋ ಮೊಬೈಲಿನಲ್ಲಿ ತೆರೆದು ತೋರಿಸಿದ ಹಾಗಾಯಿತು.

“ಗ್ಯಾಪ್ ಹೇಗೆ ನೋಡ್ತೀರಿ ಅಳಿಯಂದ್ರೇ?”

“ಡ್ವೆಲ್ ಮೀಟರ್ ಇದೆ ಮಾವ, ಸುಮಾರು 30 ಡಿಗ್ರಿ...”

“ಅದೆಲ್ಲ ಯಾಕೆ? ಒಂದು ವಿಸಿಟಿಂಗ್ ಕಾರ್ಡ್ ಕೊಡಿ.”

ಕೊಟ್ಟೆ. ಬೆರಳಲ್ಲಿ ಉಜ್ಜಿ ನೋಡಿ ಹಿಂದಿರುಗಿಸಿದರು. “ಹುದ್ದೆ ದೊಡ್ಡದು, ಕಾಗದ ತೆಳು.”

ಎಲೆಕ್ಟ್ರಾನಿಕ್ ವಿಷಯ ಅವರಿಗೆ ಸರಿಬರಲಿಲ್ಲ. ಪಾಯಿಂಟ್ ಸಾಯುವ ಮೊದಲು ಕೆಮ್ಮಿ, ಕ್ಯಾಕರಿಸಿ ತಿಳಿಸುತ್ತದೆ. ರಸ್ತೆ ಬದಿಯಲ್ಲಿ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಮನೆ ಮುಟ್ಟಿಸುತ್ತದೆ. “ಈ ಡಬ್ಬಿ ಹೋದ್ರೆ ಏನನ್ನ ಉಜ್ತೀರಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಆಗ ಹಿಂದಿನಿಂದ ಹೆಂಡತಿಯ ದನಿ. “ಅಪ್ಪಾ, ಆಗುಂಬೆ ಘಾಟಿ ಮಳೇಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ ತೇವ ಹಿಡಿದು ಅಂಬಾಸಿಡರ್ ನಿಂತಿತ್ತಲ್ಲ? ರೋಟರ್, ಪಾಯಿಂಟು ಎಲ್ಲ ಬಿಚ್ಚಿ ಒರೆಸಿದ್ವಿ. ಟಾರ್ಚ್ ಹಿಡಿದಿದ್ದು ನಾನೇ.”

“ನಿನಗೆ ಇದೆಲ್ಲ ಗೊತ್ತಿತ್ತಾ?” ಎಂದೆ.

“ಗೊತ್ತಿತ್ತು ರೀ.”

“ಮತ್ತೆ ಇಷ್ಟು ವರ್ಷ ನಾನು ಹೇಳುವಾಗ ಸುಮ್ಮನಿದ್ದೆಯಲ್ಲ?”

“ನೀವು ಅಷ್ಟು ಖುಷಿಯಾಗಿ ಹೇಳ್ತಿದ್ರಿ. ನನಗೂ ಹುರುಳೀಕಾಯಿ ಹೆಚ್ಚಿ ಮುಗೀತಿತ್ತು.”

ಅಲ್ಲಿಂದ ಮುಂದೆ ಕೆಲಸ ಅಪ್ಪ ಮಗಳದಾಯಿತು. ನನ್ನ ಕೈಗೆ ಟಾರ್ಚ್ ಬಂತು. ಅದನ್ನೂ ಸರಿಯಾದ ಜಾಗಕ್ಕೆ ಹಿಡಿಯುತ್ತಿಲ್ಲವೆಂದು ಇಬ್ಬರೂ ಸರದಿಯಲ್ಲಿ ಗದರಿದರು.

ಡಬ್ಬಿಯನ್ನು ಎಂಜಿನ್ ಹಿಂದಿನ ತಗಡಿನ ಗೋಡೆಗೆ ಕೂರಿಸಬೇಕು. ಅದಕ್ಕೆ ಅರ್ತ್ ಸಿಗುವುದು ಕಾರಿನ ಮೈಯಿಂದಲೇ, ಆದ್ದರಿಂದ ಅಲ್ಲಿಯ ಬಣ್ಣ ಕೆರೆದು ಬರಿ ಲೋಹ ಕಾಣಿಸಬೇಕು. ಹೊಳೆಯುವ ಆ ಬಣ್ಣಕ್ಕೆ ನಾನು ತೆತ್ತದ್ದರಲ್ಲಿ ಅರ್ಧವನ್ನು ಮಾತ್ರ ಮನೆಯಲ್ಲಿ ಘೋಷಿಸಿದ್ದೆ. ಕೈ ನಡುಗಿತು. ಹೆಂಡತಿ ಸ್ಯಾಂಡ್ ಪೇಪರ್ ಕಿತ್ತುಕೊಂಡು ತಾನೇ ಉಜ್ಜಿದಳು. ಆ ರಭಸ ನೋಡಿದರೆ ಪೇಂಟಿನವನ ಅಸಲು ಬಿಲ್ಲು ಎಂದೋ ಅವಳ ಕಣ್ಣಿಗೆ ಬಿದ್ದಿರಬೇಕು.

ಪಿಕಪ್‌ಗೂ ಹಲ್ಲಿಗೂ ನಡುವೆ ಇಂಚಿನ ಸಾವಿರದಲ್ಲಿ ಎಂಟು ಭಾಗದಷ್ಟು ಸಂದು ಬಿಡಬೇಕು. ಉಕ್ಕಿನ ಫೀಲರ್ ಗೇಜ್ ಆಯಸ್ಕಾಂತಕ್ಕೆ ಅಂಟಿಕೊಂಡು ಮೋಸ ಮಾಡುತ್ತದೆ, ಹಿತ್ತಾಳೆಯದೇ ಆಗಬೇಕು. ‘ಹಿತ್ತಾಳೆ, ಹಿತ್ತಾಳೆ’ ಎಂದು ಹುಡುಕಾಡುತ್ತಿದ್ದುದು ಕೇಳಿಸಿ ಅತ್ತೆ ದೇವರ ಮನೆಯಿಂದ ಹಲಗಾರತಿ ತಂದುಕೊಟ್ಟರು. ತಂದವರು ಅಲ್ಲೇ ನಿಂತು, ಪ್ಲಗ್ ವೈರ್‌ಗಳನ್ನು 1-8-4-3-6-5-7-2 ಎಂದು ಎಣಿಸಿ ಜೋಡಿಸುವುದನ್ನು ನೋಡಿದರು.

“ಇದೇನು, ಎಡಕ್ಕೆ ಸುತ್ತಿ ಬರ್ತಿದೀರಲ್ಲ?”

“ಈ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ತಿರುಗೋದೇ ಹಾಗೆ ಅತ್ತೆ.”

“ಅಪ್ರದಕ್ಷಿಣವಾ? ಅದಕ್ಕೇ ನಿಮ್ಮ ಕಾರು ಏಳೋದಿಲ್ಲ!”

ಮಾವ ತಲೆ ಎತ್ತಲಿಲ್ಲ. “ಅಂಬಾಸಿಡರ್‌ದೂ ಹೀಗೇ ತಿರುಗ್ತಿತ್ತು ಕಣೇ. ನಿನ್ನನ್ನ ಮದುವೆಯಾದಾಗಿನಿಂದ ಕಾರ್ಕಳದ ತವರಿಗೆ ಕರ್ಕೊಂಡು ಹೋಗಿದ್ದು ಅಪ್ರದಕ್ಷಿಣವಾಗೇ.”

“ಗೊತ್ತಿದ್ರೆ ಬಸ್ಸಲ್ಲಿ ಹೋಗ್ತಿದ್ದೆ” ಎಂದು ಅತ್ತೆ ಒಳಗೆ ಹೋದರು.

ಕೀಲಿ ತಿರುಗಿಸಿದಾಗ ಎಂಜಿನ್ ಮೊದಲ ಮುಲುಕಿಗೇ ಹತ್ತಿಕೊಂಡಿತು. ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಬೋಲ್ಟ್ ಬಿಗಿದದ್ದಷ್ಟೇ. ಮಾವ ಹಳೆಯ ಪಾಯಿಂಟನ್ನೂ ಚೂರು ಸ್ಯಾಂಡ್ ಪೇಪರನ್ನೂ ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಮಡಚಿ ಡ್ಯಾಶ್‌ಬೋರ್ಡಿಗೆ ಹಾಕಿದರು, ಕಾರ್ಡಿಗೆ ಅಂತೂ ಒಂದು ಉಪಯೋಗ ಸಿಕ್ಕಿತೆಂಬಂತೆ. ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆ ಕಾರುಗಳ ದೊಡ್ಡ ಮೆರವಣಿಗೆ ಇರುತ್ತದೆ, ಅಲ್ಲಿಗೆ ಎಲ್ಲರೂ ಹೋಗೋಣ ಎಂದು ನಾನು ಕೈ ಒರೆಸಿಕೊಳ್ಳುತ್ತಾ ಹೇಳಿದೆ.

“ಆಗಸ್ಟ್ ಬರಲಿ. ಈಗ ಇಂಡಿಯನ್ ಸ್ಟೋರಿಗೆ ಹೋಗಬೇಕು, ಕೀಲಿ ಕೊಡಿ” ಎಂದಳು ಹೆಂಡತಿ.

“ಗೇರು ಕೈಯಲ್ಲಿ ಹಾಕುವುದು, ಕ್ಲಚ್ ಬಿಗಿ...”

“ಅಂಬಾಸಿಡರಲ್ಲಿ ಕಲಿತವಳು ರೀ ನಾನು.”

ಅಪ್ಪ ಮುಂದೆ, ಅಮ್ಮ ಹಿಂದೆ ಕೂತರು. ನನಗೂ ಹಿಂದೆ ಜಾಗವಿತ್ತು. ಆದರೆ ಒಲೆಯ ಮೇಲೆ ಕುಕ್ಕರ್ ಇತ್ತು. ಮೂರು ಸೀಟಿಗೆ ಆರಿಸಬೇಕೆಂದು ಆಜ್ಞೆಯಾಯಿತು. ಬೀದಿಯ ತಿರುವಿನಲ್ಲಿ ಅವಳು ಬೇಕೆಂದೇ ‘ಬೀಪ್ ಬೀಪ್’ ಒತ್ತಿದಳು. ನಾನು ಅಡುಗೆಮನೆಯಲ್ಲಿ ಕೈಕಟ್ಟಿ ನಿಂತೆ. ಬಹಳ ಹೊತ್ತಾದರೂ ಒಂದು ಸೀಟಿಯೂ ಬರಲಿಲ್ಲ, ಮುಚ್ಚಳದ ಅಂಚಿನಿಂದ ಬರೀ ಆವಿ. ಗ್ಯಾಸ್ಕೆಟ್ ಮೇಲೆ ನನಗೆ ಅನುಮಾನ ಬಂದು, ಫೀಲರ್ ಗೇಜ್ ತರಲು ಗ್ಯಾರೇಜಿಗೆ ಹೋದೆ.