ಎಂಟನೇ ಕಪ್ಪಿನ ಸಾಕ್ಷಿ

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ. 1920ರ ದಶಕದ ಆ ಪ್ರಸಿದ್ಧ ಟೀ ಪರೀಕ್ಷೆಗೆ ಕೂತಿದ್ದ ಎಂಟು ಕಪ್ಪುಗಳಲ್ಲಿ ಕೊನೆಯದು ಮಾತಿಗೆ ಸಿಕ್ಕಿತು. ಅಂಚು ಮುಕ್ಕಾಗಿದೆ, ಗರ್ವ ಮುಕ್ಕಾಗಿಲ್ಲ.

ನಾನು: ಸಂಖ್ಯಾಶಾಸ್ತ್ರದ ಮಕ್ಕಳಿಗೆ ನಿಮ್ಮಿಂದಲೇ ತಲೆನೋವಂತೆ?

ಕಪ್ಪು: ನಾನು ಟೀ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಪಾಚಿ ಸಂಶೋಧಕಿ ಮ್ಯೂರಿಯಲ್ ಬ್ರಿಸ್ಟಲ್, ಹಾಲು ಮೊದಲು ಹಾಕಿದ್ದೋ ಟೀ ಮೊದಲೋ ಕುಡಿದೇ ಹೇಳ್ತೀನಿ ಅಂದರು. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗ್ತಿದ್ದರು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅಂಥ ಆಸಾಮಿಯಲ್ಲ. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಟೀ ಮೊದಲು, ಆಮೇಲೆ ಸಾಲು ಕಲೆಸು.

ನಾನು: ಎಂಟೇ ಯಾಕೆ?

ಕಪ್ಪು: ಎಂಟರಲ್ಲಿ ನಾಲ್ಕನ್ನು ಆರಿಸೋಕೆ 70 ದಾರಿ. ನಾಲಿಗೆ ಸತ್ತವರೂ 70ಕ್ಕೆ ಒಂದು ಸಲ ಪೂರ್ತಿ ಸರಿ ಹೇಳ್ತಾರೆ. ಸುಮಾರು ಶೇ 1.4. ಅಷ್ಟು ಅಪರೂಪದ್ದು ನಡೆದರೆ, 'ಬರೀ ಊಹೆ' ಅನ್ನೋ ಶೂನ್ಯ ಪ್ರಾಕ್ಕಲ್ಪನೆಯನ್ನು ಕೈಬಿಡಬಹುದು.

ನಾನು: ಒಂದು ಕಪ್ಪು ತಪ್ಪಿದ್ದರೆ?

ಕಪ್ಪು: ಒಂದೇ ತಪ್ಪೋಕೆ ಬರಲ್ಲ ಸ್ವಾಮಿ! ಈ ಗುಂಪಿನದು ಆ ಕಡೆ ಹೋದರೆ ಅಲ್ಲಿನದೊಂದು ಈ ಕಡೆ ಬರಲೇಬೇಕು. ಅಂಥ ದಾರಿ 16, ಪೂರ್ತಿ ಸರಿಯದು 1. 70ಕ್ಕೆ 17, ಅಂದರೆ ಸುಮಾರು ಶೇ 24. ಎಂಟಕ್ಕೆ ಆರು ಸರಿ ಅಂತ ಊರೆಲ್ಲ ಚಪ್ಪಾಳೆ ತಟ್ಟಿದರೂ ಫಿಶರ್ ಹುಬ್ಬು ಏರುತ್ತಿರಲಿಲ್ಲ.

ನಾನು: ಆಗ ಆಕೆಗೆ ರುಚಿ ಗೊತ್ತಿಲ್ಲ ಅಂತ ಸಾಬೀತಾಯ್ತು.

ಕಪ್ಪು: ಇಲ್ಲೇ ಎಲ್ಲರೂ ಜಾರೋದು. ಸಾಕ್ಷಿ ಸಾಲದೆ ಬಿಟ್ಟ ಆರೋಪಿಗೆ ಸನ್ಮಾನ ಮಾಡ್ತೀರಾ?

ನಾನು: ಶೇ 1.4 ಅಂದರೆ ಆಕೆ ಊಹಿಸಿರುವ ಸಾಧ್ಯತೆ ತಾನೆ?

ಕಪ್ಪು: ಉಲ್ಟಾ! ಊಹೆ ಅಂತಿಟ್ಟುಕೊಂಡರೆ ಇಂಥ ಫಲಿತಾಂಶ ಬರುವ ಸಾಧ್ಯತೆ. ಮಳೆ ಬಂದರೆ ಅಂಗಳ ಒದ್ದೆ, ನಿಜ. ಒದ್ದೆ ಅಂಗಳ ಕಂಡಾಗೆಲ್ಲ ಮಳೆ ಅಂದರೆ, ಬೆಳಗಾಗೆದ್ದು ನೀರು ಹಾಕಿ ರಂಗೋಲಿ ಇಟ್ಟವರು ಸುಮ್ಮನಿರ್ತಾರಾ?

ನಾನು: ಶೇ 95ರ ವಿಶ್ವಾಸಾಂತರ ನಿಮ್ಮ ಬಂಧುವೇ?

ಕಪ್ಪು: ದಾಯಾದಿ. 1937ರಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ನೇಮನ್ ಕೊಟ್ಟ ಕೂಸು. ನೇಮನ್‌ಗೂ ಫಿಶರ್‌ಗೂ ಎಣ್ಣೆ ಸೀಗೆಕಾಯಿ. ಅಂತರವೇ ಬಲೆ, ನಾವು ಹುಡುಕುವ ನಿಜವಾದ ಮೌಲ್ಯವೇ ಮೀನು ಅಂದ್ಕೊಳ್ಳಿ. ಅಲ್ಲಿ ನಂಬಿಕೆ ಬಲೆ ಬೀಸುವ ಕ್ರಮದ ಮೇಲೆ. ನೂರು ಸಲ ಬೀಸಿದರೆ ಸುಮಾರು 95 ಸಲ ಮೀನು ಒಳಗಿರುತ್ತೆ. ಇವತ್ತಿನ ಬಲೆಯಲ್ಲಿ? ಇದೆ, ಇಲ್ಲವೇ ಇಲ್ಲ. ಮೀನು ಮಾತ್ರ ಕದಲಲ್ಲ, ಬಲೆಯೇ ಅಲ್ಲಿ ಇಲ್ಲಿ ಬೀಳೋದು.

ನಾನು: ಕೊನೆಗೂ ಆಕೆ ಎಲ್ಲ ಸರಿ ಹೇಳಿದರಾ?

ಕಪ್ಪು: ಫಿಶರ್ 1935ರ ಪುಸ್ತಕದಲ್ಲಿ ಪ್ರಯೋಗದ ವಿಧಾನ ಬರೆದರು, ಫಲಿತಾಂಶ ಬರೆಯಲಿಲ್ಲ. ನನಗೆ ಗೊತ್ತು. ಆದರೆ ಒಂದೇ ಕಪ್ಪಿನ ಮಾತು ನಂಬ್ತೀನಿ ಅಂತ ಕೂತಿದ್ದೀರಲ್ಲ, ಇಷ್ಟೊತ್ತು ಏನು ಕೇಳಿಸಿಕೊಂಡಿರಿ?